ಕರಿಗುಡ್ಡದ ಒಡಲ ಬಿಸಿ

ಕರಿಗುಡ್ಡದ ಮೇಲೆ ಹುಲಿಗೆಮ್ಮನ ತೂಕ ತೊಂಬತ್ತು ಗ್ರಾಂ, ಒಂದು ಟೊಮೇಟೊ ಹಣ್ಣಿನಷ್ಟು. ಅಲ್ಲಿ ಮೈಮರೆತು ಜಿಗಿದವರು ಮತ್ತೆ ನೆಲ ಮುಟ್ಟಲು ಆರು ನಿಮಿಷ ಹಿಡಿಯುತ್ತಿತ್ತು. ಹಾಗಾಗಿ ಕೊರೆಯುವ ಯಂತ್ರವನ್ನು ನಾಲ್ಕು ದಿಕ್ಕಿಗೆ ಉಕ್ಕಿನ ಹಗ್ಗ ಕಟ್ಟಿ ನೆಲಕ್ಕೆ ಬಿಗಿದಿದ್ದರು. ಅದನ್ನು ನಡೆಸುವವಳು ಸೊಂಟಕ್ಕೆ ಪಟ್ಟಿ ಹಾಕಿಕೊಂಡು ಯಂತ್ರಕ್ಕೆ ತನ್ನನ್ನೇ ಬಿಗಿದುಕೊಳ್ಳುತ್ತಿದ್ದಳು. ಐವತ್ತನಾಲ್ಕು ವರ್ಷದ ಹುಲಿಗೆಮ್ಮ ಹಾಗೆ ಬಿಗಿದುಕೊಂಡು ಹನ್ನೊಂದು ವರ್ಷ ಕಳೆದಿದ್ದಳು. ಅವಳು ರಾಯಚೂರು ಸೀಮೆಯ ಹಟ್ಟಿಯವಳು. ಅವಳ ಮನೆತನದಲ್ಲಿ ನಾಲ್ಕು ತಲೆಮಾರು ಚಿನ್ನದ ಗಣಿಗೆ ಇಳಿದವರೇ.

ದಾಖಲೆಗಳಲ್ಲಿ ಆ ಧೂಮಕೇತುವಿಗೆ ಉದ್ದನೆಯದೊಂದು ಸಂಖ್ಯೆಯಿತ್ತು. ಇದ್ದಿಲಿಗಿಂತ ಕಪ್ಪಾಗಿದ್ದ ಅದರ ಮೈ ನೋಡಿ ಮೊದಲು ಇಳಿದವರು ಕರಿಗುಡ್ಡ ಎಂದರು, ಅದೇ ಉಳಿಯಿತು. ನೂರಾ ಹತ್ತು ಕಿಲೋಮೀಟರ್ ಅಗಲದ ಮಂಜುಗಡ್ಡೆ ಮತ್ತು ಧೂಳಿನ ಮುದ್ದೆ. ನೂರಾ ಮೂವತ್ತೊಂದು ಜನ ಅಲ್ಲಿ ಮಂಜು ಕಡಿದು, ಕರಗಿಸಿ, ನೀರನ್ನು ಒಡೆದು, ದೂರಯಾನದ ಹಡಗುಗಳಿಗೆ ಇಂಧನ ಮಾಡಿ ಕಳಿಸುತ್ತಿದ್ದರು. ಧೂಮಕೇತು ಸೂರ್ಯನಿಂದ ದೂರ ಸರಿಯುತ್ತ ಶನಿಗ್ರಹದ ಹಾದಿಯ ಹತ್ತಿರಕ್ಕೆ ಬಂದಿತ್ತು. ಅಲ್ಲಿಂದ ಸೂರ್ಯನೆಂದರೆ ಕಣ್ಣು ಚುಚ್ಚುವ ಒಂದು ಚುಕ್ಕೆ, ಅಷ್ಟೆ. ಹೊರಗಿನ ನೆಲ ಸೊನ್ನೆಗಿಂತ ನೂರಾ ತೊಂಬತ್ತೆಂಟು ಡಿಗ್ರಿ ಕೆಳಗಿತ್ತು.

ಆ ಗುರುವಾರ ಬೆಳಗಿನ ಪಾಳಿಯಲ್ಲಿ ವಸತಿಯ ಪರಮಾಣು ಒಲೆ ನಿಂತಿತು. ತಂಪು ದ್ರವ ಹರಿಯುವ ಕೊಳವೆ ಬಿರುಕು ಬಿಟ್ಟು ಒಳಗಿನ ಭಾಗಗಳೆಲ್ಲ ಕರಗಿ ಅಂಟಿಕೊಂಡಿದ್ದವು. ರಿಪೇರಿ ಆಗುವಂಥದ್ದಲ್ಲ. ಹೊಸ ಒಲೆ ಹೊತ್ತ ಹಡಗು ಬರಲು ಹದಿನಾಲ್ಕು ತಿಂಗಳು ಬೇಕು. ಇಂಧನ ತುಂಬಿದ್ದ ಸರಕು ಹಡಗು ಹಿಂದಿನ ತಿಂಗಳಷ್ಟೇ ಹೊರಟುಹೋಗಿತ್ತು. ತೊಟ್ಟಿಯ ತಳದಲ್ಲಿ ಉಳಿದದ್ದನ್ನು ಉರಿಸಿದರೆ ನೂರಾ ಮೂವತ್ತೊಂದು ಜನ ಐದು ತಿಂಗಳು ಬದುಕಬಹುದಿತ್ತು.

ಮರುದಿನ ನಿಯಂತ್ರಣ ಕೋಣೆಗೆ ಆದೇಶ ಬಂತು. ಕಳಿಸಿದ್ದು ಜಲಗಣಿ ಮಂಡಳಿ. ಅದರ ಕಚೇರಿ ಇದ್ದದ್ದು ಚಂದ್ರನ ಸುತ್ತ ತಿರುಗುವ ನಿಲ್ದಾಣದಲ್ಲಿ. ವಸತಿಯ ಮುಖ್ಯಸ್ಥ ಉದಯ ಬಾಳಿಗಾ ಅದನ್ನು ಮೂರು ಸಲ ಓದಿ ಹುಲಿಗೆಮ್ಮನನ್ನು ಕರೆಸಿದ. ಉಡುಪಿ ಕಡೆಯ ಯಂತ್ರತಜ್ಞ ಅವನು. ಕೋಪ ಬಂದಾಗಲೂ ದನಿ ಏರಿಸುವವನಲ್ಲ.

"ನಲವತ್ತು ಜನರಿಗೆ ಆಶ್ರಯಕೋಶ," ಎಂದ. "ಸಣ್ಣ ಜಾಗ, ನಲವತ್ತು ಜನ ಅಂದರೆ ಇದ್ದ ಇಂಧನ ಹದಿನಾಲ್ಕು ತಿಂಗಳಿಗೆ ಸಾಕಾಗ್ತದೆ. ಉಳಿದವರನ್ನು ಮೈ ತಣಿಸಿ ಮಲಗಿಸಬೇಕಂತೆ, ಶೀತನಿದ್ರೆ."

"ಶೀತನಿದ್ರೆಯಿಂದ ಎದ್ದವರು ಯಾರಾರ ಅದಾರೇನ್ರಿ?"

"ನಾಯಿಗಳು ಎದ್ದದ್ದುಂಟು. ಮನುಷ್ಯರು ಈವರೆಗೆ ಇಲ್ಲ."

ಪಟ್ಟಿ ಪರದೆಯ ಮೇಲಿತ್ತು. ಹುಲಿಗೆಮ್ಮ ಮೇಲಿನಿಂದ ಕೆಳಗೆ ಓದಿದಳು. ಮಕ್ಕಳು, ಅವರ ತಾಯಂದಿರು, ವೈದ್ಯರು, ಬಾಳಿಗಾ. ಹದಿನೇಳನೆಯದು ಅವಳದೇ ಹೆಸರು. ಕೊರೆಯುವುದರಲ್ಲಿ ಅವಳಷ್ಟು ಅನುಭವ ಇನ್ನೊಬ್ಬರಿಗಿರಲಿಲ್ಲ, ಮಂಡಳಿಗೆ ಅವಳು ಮುಂದೆಯೂ ಬೇಕಾಗಿದ್ದಳು. ಅವಳ ಗಂಡ ಮೌನೇಶನ ಹೆಸರು ಇರಲಿಲ್ಲ. ಶ್ವಾಸಕೋಶ ಕೆಟ್ಟ ಅಡುಗೆಯವನು ಯಾರಿಗೆ ಬೇಕು?

"ಸರ," ಎಂದಳು ಅವಳು, "ಎರಡನೇ ಬಾವ್ಯಾಗ ತಳ ಬಿಸಿ ಐತಿ. ಎರಡು ವರ್ಷದಿಂದ ಹೇಳಾಕತ್ತೀನಿ."

ಅವಳು ಹೇಳುತ್ತಿದ್ದದ್ದು ಮಂಜಿನ ಮಾದರಿ ತೆಗೆಯಲು ಕೊರೆದಿದ್ದ ಎರಡು ಕಿಲೋಮೀಟರ್ ಆಳದ ರಂಧ್ರದ ಬಗ್ಗೆ. ಅದರ ತಳದಲ್ಲಿ ನೂರಾ ಮೂವತ್ತು ಡಿಗ್ರಿ ಮೈನಸ್ ಇತ್ತು. ಮೇಲಿಗಿಂತ ಅರವತ್ತೆಂಟು ಡಿಗ್ರಿ ಹೆಚ್ಚು. ಕೆಳಗಿಳಿದಂತೆ ಅದು ಒಂದೇ ಲೆಕ್ಕದಲ್ಲಿ ಏರುತ್ತ ಹೋಗಿತ್ತು. ಹಾಗೇ ಏರಿದರೆ ಆರು ಕಿಲೋಮೀಟರ್ ಕೆಳಗೆ ಮಂಜು ಕರಗಿರಬೇಕು.

"ಹಟ್ಟ್ಯಾಗ ಒಂದೊಂದು ಹಂತ ಕೆಳಗಿಳಿದ್ರ ಬಂಡೆ ಬಿಸಿ ಆಗ್ತೈತಿ. ನಮ್ಮಪ್ಪ ಮೇಲೆ ಕಂಬಳಿ ಹೊದ್ದು ಇಳಿದು ಕೆಳಗ ಬನಿಯನ್ ತೆಗೆದು ಕೆಲಸ ಮಾಡತಿದ್ದ. ಇಲ್ಲೂ ಹಂಗ ಐತ್ರಿ."

ಬಾಳಿಗಾ ಅವಳ ಮಾತನ್ನು ಇದ್ದಂತೆಯೇ ಕಳಿಸಿದ. ಮಾತು ಹೋಗಲು ಒಂದೂಕಾಲು ಗಂಟೆ, ಉತ್ತರ ಬರಲು ಇನ್ನೊಂದೂಕಾಲು. ಉತ್ತರ ಚಿಕ್ಕದಾಗಿತ್ತು. ಭೂಮಿ ದೊಡ್ಡದು, ಅದರೊಳಗೆ ಬಿಸಿ ಉಳಿಯುತ್ತದೆ. ಧೂಮಕೇತು ಸೌರವ್ಯೂಹದಷ್ಟೇ ಹಳೆಯದು, ನಾನೂರೈವತ್ತು ಕೋಟಿ ವರ್ಷದಲ್ಲಿ ಅದು ಪೂರ್ತಿ ತಣಿದಿದೆ. ನೀವು ಕಂಡದ್ದು ಯಂತ್ರದ ತಿಕ್ಕಾಟದ ಬಿಸಿ. ಪಟ್ಟಿಯ ಪ್ರಕಾರ ಮುಂದುವರಿಯಿರಿ.

ಮೌನೇಶ ಊಟದ ಮನೆಯ ಹಿಂದಿನ ಎರಡು ಕೋಣೆಗಳಲ್ಲಿ ಹೆಂಡತಿಯ ಜೊತೆ ಇದ್ದ. ಅಲ್ಲಿ ರೊಟ್ಟಿ ಬಡಿದರೆ ಹಿಟ್ಟು ಅಂಗೈಗೆ ಅಂಟಿಕೊಂಡು ಮೇಲೇಳುತ್ತಿತ್ತು, ಅದಕ್ಕೆ ಎರಡು ಹಂಚುಗಳ ನಡುವೆ ಒತ್ತಿ ಬೇಯಿಸುವುದನ್ನು ಅವನು ಕಲಿತಿದ್ದ. ದೀಪದ ಬೆಳಕಲ್ಲಿ ಬೆಳೆದ ಜೋಳ ಸ್ವಲ್ಪ ಜಿಗುಟು. ಆದರೂ ರೊಟ್ಟಿ ರೊಟ್ಟಿಯೇ ಎನ್ನುತ್ತಿದ್ದ. ಹೆಂಡತಿ ಬಂದು ಕೂತ ರೀತಿಯಲ್ಲೇ ಅವನಿಗೆ ಅರ್ಧ ತಿಳಿಯಿತು.

"ನನ್ನ ಹೆಸರು ಐತಿ," ಎಂದಳು.

"ಛಲೋ ಆತು."

"ನಿನ್ನದು ಇಲ್ಲ."

"ಗೊತ್ತು ಬಿಡು. ಈ ಎದಿ ತಗೊಂಡು ನಾನು ಏನ್ ಮಾಡಾಂವ?" ಅವನು ಹಂಚು ತಿರುವಿ ಹಾಕಿದ. ಎರಡು ಸಲ ಕೆಮ್ಮಿದ. "ನೀ ಹೋಗು. ಮಕ್ಕಳಿಗೆ ರೊಟ್ಟಿ ಮಾಡೋದು ನಿನಗೂ ಬರ್ತೈತಿ."

"ನಿನಗ ಮಲಗಿಸಿ, ಪಕ್ಕದ ಕ್ವಾಣ್ಯಾಗ ನಾನು ಬೆಚ್ಚಗ ಕುಂತು ಉಣ್ಣಲೇನು? ಹದಿನಾಲ್ಕು ತಿಂಗಳು?" ಅವಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು. "ಮೂವತ್ತು ವರ್ಷ ಕಲ್ಲು ಕೊರದೀನಿ. ತಿಕ್ಕಾಟದ ಬಿಸಿ ಯಾವುದು, ಒಡಲ ಬಿಸಿ ಯಾವುದು ಅಂತ ನನಗ ಅವರು ಹೇಳಿಕೊಡಬೇಕಾ?"

ಮೌನೇಶ ರೊಟ್ಟಿಯನ್ನು ಹಂಚಿನಿಂದ ತೆಗೆದಿಟ್ಟ. ಆಮೇಲೆ ಕೇಳಿದ: "ನೀನು ಅದನ್ನ ಹೆಂಗ ತೋರಿಸ್ತಿ?"

ಆ ಪ್ರಶ್ನೆ ಹಿಡಿದುಕೊಂಡೇ ಅವಳು ಮೆಹರುನ್ನೀಸಾಳ ಬಳಿ ಹೋದಳು. ಮೆಹರ್ ಕಲಬುರಗಿಯವಳು, ವಸತಿಯ ಏಕೈಕ ರಸಾಯನತಜ್ಞೆ. ಮೂವತ್ತರ ಆಸುಪಾಸು. ಅವಳ ಹೆಸರೂ ಪಟ್ಟಿಯಲ್ಲಿರಲಿಲ್ಲ.

"ಯಂತ್ರ ನಿಲ್ಲಿಸಿ ಎಷ್ಟು ದಿನ ಆಯ್ತು?" ಎಂದು ಕೇಳಿದಳು ಮೆಹರ್.

"ಎರಡನೇ ಬಾವಿ ಕೊರೆದು ಎರಡು ವರ್ಷದ ಮೇಲಾತು. ಕೊರಿಯೋವಾಗ್ಲೂ ಒಮ್ಮೆ ಏಳು ದಿನ ನಿಲ್ಲಿಸಿ ಅಳದೀನಿ. ಬಿಸಿ ಒಂದು ಡಿಗ್ರಿನೂ ಇಳಿದಿಲ್ಲ."

"ಹಂಗಾದ್ರ ತಿಕ್ಕಾಟ ಅಲ್ಲ. ಒಳಗ ಏನೋ ಉರೀಲತ್ತದ." ಮೆಹರ್ ಕಪಾಟಿನಿಂದ ಒಂದು ಉದ್ದನೆಯ ಉಕ್ಕಿನ ನಳಿಗೆ ತೆಗೆದಳು. ಅದು ಗಾಮಾ ಕಿರಣ ಎಣಿಸುವ ಯಂತ್ರ. "ಇದನ್ನ ತಳಕ್ಕ ಇಳಿಸಾಣ್ರಿ ಅಕ್ಕಾ. ಮೇಲ್ಗಡೆ ಅಳದ್ರ ಆಕಾಶದಿಂದ ಬರೋ ವಿಶ್ವಕಿರಣದ ಗದ್ದಲ ಇರ್ತದ. ಎರಡು ಕಿಲೋಮೀಟರ್ ಕೆಳಗ ಅದು ಯಾವುದೂ ಮುಟ್ಟಲ್ಲ. ಅಲ್ಲಿ ಏನಾರ ಕೇಳಿಸಿತಂದ್ರ ಅದು ಈ ಗುಡ್ಡದ್ದೇ ದನಿ."

ನಳಿಗೆ ಇಳಿಸಲು ಐದು ಗಂಟೆ ಹಿಡಿಯಿತು. ಆಮೇಲೆ ಇಬ್ಬರೂ ಬಾವಿಯ ಬಾಯಿಯ ಬಳಿಯ ಗುಡಿಸಲಿನಲ್ಲಿ ಪರದೆ ನೋಡುತ್ತ ಕೂತರು. ಪ್ರತಿಯೊಂದು ವಿಕಿರಣ ಧಾತುವೂ ಒಡೆಯುವಾಗ ತನ್ನದೇ ಶಕ್ತಿಯ ಕಿರಣ ಬಿಡುತ್ತದೆ. ಪರದೆಯ ಗೀಟಿನಲ್ಲಿ ಎಲ್ಲಿ ಉಬ್ಬು ಏಳುತ್ತದೋ ಅದರಿಂದ ಒಡೆಯುತ್ತಿರುವುದು ಯಾವುದೆಂದು ಹೇಳಬಹುದು. ಹತ್ತೇ ನಿಮಿಷಕ್ಕೆ ಗೀಟಿನ ಬಲಗಡೆ ಒಂದು ಉಬ್ಬು ಎದ್ದಿತು. ಚೂಪಾಗಿ ಎದ್ದದ್ದು ಎತ್ತರಕ್ಕೆ ಬೆಳೆಯಿತು. ಕೆಳಗೆ ಅಂಕಿ: ೧೮೦೯.

ಮೆಹರ್ ಎರಡೂ ಕೈ ಬಾಯಿಗೆ ಒತ್ತಿಕೊಂಡಳು.

"ಏನವ್ವಾ ಅದು?"

"ಅಲ್ಯೂಮಿನಿಯಂ. ನಮ್ಮ ಪಾತ್ರೆ ಪಡಗದ ಅಲ್ಯೂಮಿನಿಯಂ ಅಲ್ಲ, ಅದರ ಪರಮಾಣು ತೂಕ ಇಪ್ಪತ್ತೇಳು. ಇದು ಇಪ್ಪತ್ತಾರು. ಇದು ತಾನೇ ತಾನಾಗಿ ಒಡದು ಮೆಗ್ನೀಸಿಯಂ ಆಗ್ತದ, ಒಡಿಯೋವಾಗ ಬಿಸಿ ಬಿಡ್ತದ. ಏಳು ಲಕ್ಷ ವರ್ಷಕ್ಕ ಇದ್ದದ್ರಾಗ ಅರ್ಧ ಖಾಲಿ. ನಮ್ಮ ಸೂರ್ಯ ಹುಟ್ಟಿದಾಗ ಇದು ಎಲ್ಲಾ ಧೂಮಕೇತುವಿನೊಳಗ ಇತ್ತು. ದೊಡ್ಡವುಗಳ ಹೊಟ್ಟಿ ಕರಗಿಸಿ ನೀರು ಮಾಡಿತ್ತು. ಆದ್ರ ಅದು ಮುಗಿದು ಕೋಟಿಗಟ್ಟಲೆ ವರ್ಷ ಆಯ್ತು. ಇವತ್ತು ಇರಬಾರದು. ಒಂದು ಚೂರೂ ಇರಬಾರದು."

"ಐತಲ್ಲ."

"ಅದೇ ರೀ ಅಕ್ಕಾ, ಅದೇ ಮಾತು." ಮೆಹರಳ ಕಣ್ಣು ಪರದೆ ಬಿಟ್ಟು ಅಲುಗಲಿಲ್ಲ. "ಈ ಗುಡ್ಡ ನಮ್ಮ ಸೂರ್ಯಂದು ಅಲ್ಲ. ಬ್ಯಾರೆ ಯಾವುದೋ ಹೊಸ ನಕ್ಷತ್ರದ ಮನ್ಯಾಗ ಹುಟ್ಟಿ, ಅಲ್ಲಿಂದ ತಳ್ಳಿಸಿಕೊಂಡು ಇಲ್ಲಿಗೆ ಬಂದದ. ಇದರ ವಯಸ್ಸು ನಲವತ್ತು ಲಕ್ಷ ವರ್ಷ ಇರಬಹುದು, ಅಷ್ಟೇ. ಅವರು ಮುದುಕಿ ಅಂದ್ಕೊಂಡು ಲೆಕ್ಕ ಹಾಕ್ಯಾರ. ಇದು ಕೂಸು."

ಹುಲಿಗೆಮ್ಮ ಎದ್ದು ನಿಂತಳು. ಅವಳಿಗೆ ನಕ್ಷತ್ರಗಳ ವಯಸ್ಸಿನ ಗೊಡವೆ ಅಷ್ಟಾಗಿ ಬೇಕಿರಲಿಲ್ಲ. "ಹೊಟ್ಯಾಗ ನೀರು ಐತೋ ಇಲ್ಲೋ?"

"ಇರಬೇಕು. ಹೊರಗಿನ ಐದಾರು ಕಿಲೋಮೀಟರ್ ಕಂಬಳಿ ಇದ್ದಂಗ, ತಣ್ಣಗಾಗ್ಯದ. ಅದರ ಕೆಳಗ ಬಿಸಿ ಹೊರಗ ಹೋಗ್ಲಿಕ್ಕೆ ದಾರಿ ಇಲ್ಲ. ನೀರು ಇರಬೇಕು, ಬೆಚ್ಚಗ ಇರಬೇಕು."

ಆ ಗೀಟನ್ನು ಬಾಳಿಗಾ ಚಂದ್ರನಿಲ್ದಾಣಕ್ಕೆ ಕಳಿಸಿದ. ಈ ಸಲ ಉತ್ತರ ಬರಲು ಎರಡು ದಿನ ಹಿಡಿಯಿತು. ಅಲ್ಲಿಯ ವಿಜ್ಞಾನಿಗಳು ಬೆರಗಾಗಿದ್ದರು, ಮೆಹರಳಿಗೆ ಅಭಿನಂದನೆಯನ್ನೂ ಬರೆದಿದ್ದರು. ಆದರೆ ಮಂಡಳಿಯ ಕೊನೆಯ ಸಾಲು ಹೀಗಿತ್ತು: ಇನ್ನೂ ನಾಲ್ಕು ಕಿಲೋಮೀಟರ್ ಕೊರೆಯಲು ಇದ್ದ ಇಂಧನವೆಲ್ಲ ಬೇಕು. ನೀರು ಸಿಗದಿದ್ದರೆ ನಲವತ್ತು ಜನರೂ ಉಳಿಯುವುದಿಲ್ಲ. ಖಚಿತವಾಗಿ ಉಳಿಯುವವರನ್ನು ಅನುಮಾನದ ಮೇಲೆ ಪಣಕ್ಕಿಡಲು ಸಾಧ್ಯವಿಲ್ಲ. ಕೊರೆಯುವುದನ್ನು ನಿಷೇಧಿಸಲಾಗಿದೆ.

"ಇದು ಮೂರ್ಖರ ಮಾತಲ್ಲ," ಎಂದ ಬಾಳಿಗಾ. "ಅವರ ಜಾಗದಲ್ಲಿ ನಾನಿದ್ದರೆ ಇದನ್ನೇ ಬರೀತಿದ್ದೆನೋ ಏನೋ."

"ಅವರ ಜಾಗದಾಗ ನೀವಿಲ್ಲಲ್ರೀ," ಎಂದಳು ಹುಲಿಗೆಮ್ಮ. "ಇಲ್ಲಿ ಅದೀರಿ."

ಬಾಳಿಗಾ ಆದೇಶದ ಪ್ರತಿ ಕೈಗೆತ್ತಿಕೊಂಡ. ಆಮೇಲೆ ಧ್ವನಿವರ್ಧಕ ಒತ್ತಿ ಎಲ್ಲರನ್ನೂ ಊಟದ ಮನೆಗೆ ಕರೆದ.

ನೂರಾ ಮೂವತ್ತೊಂದು ಜನ ಗೋಡೆ, ಛಾವಣಿ ಎಲ್ಲ ಕಡೆಗೂ ಅಂಟಿಕೊಂಡು ಕೂತರು. ಬಾಳಿಗಾ ಆದೇಶವನ್ನು ಒಂದಕ್ಷರ ಬಿಡದೆ ಓದಿದ. ಪಟ್ಟಿಯನ್ನೂ ಓದಿದ. ಹೆಸರಿಲ್ಲದವರ ಮುಖ ಬಿಳಿಚಿಕೊಂಡಿತು, ಹೆಸರಿದ್ದವರು ತಲೆ ತಗ್ಗಿಸಿದರು. ಹುಲಿಗೆಮ್ಮ ತನಗೆ ಗೊತ್ತಿದ್ದದ್ದು, ಗೊತ್ತಿಲ್ಲದ್ದು ಎರಡನ್ನೂ ಹೇಳಿದಳು. ಎಪ್ಪತ್ತು ದಿನ ಬೇಕು. ಅಷ್ಟು ದಿನ ಉಸಿರಾಡುವ ಗಾಳಿ, ಬೆಳೆಕೋಣೆಯ ದೀಪ, ಕೊರೆಯುವ ಯಂತ್ರ, ಈ ಮೂರಕ್ಕೆ ಮಾತ್ರ ಇಂಧನ. ಮನೆಗಳಿಗೆ ಬಿಸಿ ಇಲ್ಲ. ನೀರು ಸಿಗದಿದ್ದರೆ ಆಮೇಲೆ ಏನೂ ಇಲ್ಲ.

ಆಗ ಮೌನೇಶ ಅಡುಗೆಯ ಕಟ್ಟೆಯ ಹಿಂದಿನಿಂದ ಹೇಳಿದ: "ನನ್ನ ಹೆಸರು ಪಟ್ಟ್ಯಾಗ ಇಲ್ಲ. ನಾನು ಕೊರೀರಿ ಅಂದ್ರ ಅದು ಜೀವದಾಸೆಯ ಮಾತಾಗ್ತೈತಿ. ಹೆಸರಿದ್ದವರು ಮೊದಲು ಹೇಳ್ರಿ. ಅವರು ಬ್ಯಾಡಂದ್ರ ನಾವು ಯಾರೂ ಬಾಯಿ ಬಿಡಬಾರದು."

ನಾಲ್ಕು ವರ್ಷದ ಮಗಳನ್ನು ಎದೆಗೆ ಕಟ್ಟಿಕೊಂಡಿದ್ದ ಒಬ್ಬಳು ನರ್ಸ್ ಮೊದಲು ಕೈ ಎತ್ತಿದಳು. ಅವಳ ಮತ್ತು ಮಗುವಿನ ಹೆಸರು ಪಟ್ಟಿಯಲ್ಲಿತ್ತು, ಗಂಡನದು ಇರಲಿಲ್ಲ. "ಇವಳಪ್ಪ ಎಲ್ಲಿ ಅಂತ ಇವಳು ದೊಡ್ಡವಳಾದ ಮೇಲೆ ಕೇಳ್ತಾಳೆ," ಎಂದಳು. "ನನ್ನ ಹತ್ತಿರ ಉತ್ತರ ಇಲ್ಲ. ಕೊರೆಯಿರಿ." ಆಮೇಲೆ ಇನ್ನೊಂದು ಕೈ, ಮತ್ತೊಂದು. ಪಟ್ಟಿಯಲ್ಲಿದ್ದ, ಕೈ ಎತ್ತುವ ವಯಸ್ಸಿನವರಲ್ಲಿ ಮೂವರು ಮಾತ್ರ ಎತ್ತಲಿಲ್ಲ. ಅವರನ್ನು ಯಾರೂ ಬಯ್ಯಲಿಲ್ಲ. ಹೆದರಿಕೆ ಎಲ್ಲರಿಗೂ ಇತ್ತು.

ಬಾಳಿಗಾ ನಿಯಂತ್ರಣ ಕೋಣೆಗೆ ಮರಳಿ ಎರಡೇ ಮಾತು ಬರೆದು ಕಳಿಸಿದ. "ಆದೇಶ ಓದಿದ್ದೇವೆ. ಪಾಲಿಸುವುದಿಲ್ಲ."

ಅವತ್ತೇ ಮನೆಗಳ ಬಿಸಿ ನಿಂತಿತು.

ಮೊದಲ ವಾರ ಅದೊಂದು ಆಟದಂತಿತ್ತು. ಇದ್ದ ಬಟ್ಟೆಯನ್ನೆಲ್ಲ ಒಂದರ ಮೇಲೊಂದು ಹಾಕಿಕೊಂಡು ಜನ ಮೂಟೆಗಳಂತೆ ತೇಲಾಡಿದರು. ಎರಡನೇ ವಾರಕ್ಕೆ ಗೋಡೆಗಳ ಮೇಲೆ ಉಸಿರೇ ಮಂಜಾಗಿ ಬೆಳ್ಳಗೆ ಬೆಳೆಯತೊಡಗಿತು. ನಾಲ್ಕನೇ ವಾರ ಒಳಗಿನ ಚಳಿ ಮೈನಸ್ ಹದಿನೆಂಟಕ್ಕೆ ಇಳಿಯಿತು. ಎಲ್ಲರೂ ಮನೆ ಬಿಟ್ಟು ಊಟದ ಮನೆಗೆ ಬಂದು, ಮಕ್ಕಳನ್ನು ನಡುವೆ ಹಾಕಿಕೊಂಡು ಒತ್ತೊತ್ತಾಗಿ ಮಲಗಿದರು. ಮಂಜು ಕಡಿಯುವ ಪೋಷಾಕುಗಳ ಒಳಪದರ ಹರಿದು ಹೊದಿಕೆ ಹೊಲಿದರು. ಮೌನೇಶ ದಿನಕ್ಕೊಮ್ಮೆ ಮಾತ್ರ ಒಲೆ ಹಚ್ಚುತ್ತಿದ್ದ. ಬಿಸಿ ಅಂಬಲಿಯ ಚೀಲಗಳನ್ನು ಮೊದಲು ಮಕ್ಕಳ ಅಂಗಿಯೊಳಗೆ ಇಟ್ಟು ಮೈ ಕಾಯಿಸಿ, ಸ್ವಲ್ಪ ಆರಿದ ಮೇಲೆ ಕುಡಿಯಲು ಕೊಡುತ್ತಿದ್ದ. ಒಂದು ಬಿಸಿಯನ್ನು ಎರಡು ಸಲ ಉಣ್ಣಬೇಕು ಎನ್ನುತ್ತಿದ್ದ.

ಹುಲಿಗೆಮ್ಮನ ಗುಡಿಸಲಿನಲ್ಲಿ ಮೂರು ಪಾಳಿ ನಡೆಯುತ್ತಿತ್ತು. ಕಿಲೋಮೀಟರುಗಟ್ಟಲೆ ಉದ್ದದ ಕೊಳವೆಯಾದರೂ ಆ ಜಾಗದಲ್ಲಿ ತೂಕವಿಲ್ಲ, ಇಬ್ಬರು ಹಿಡಿದು ಇಳಿಸಬಹುದಿತ್ತು. ಕಷ್ಟ ಇದ್ದದ್ದು ಮೊನೆಯಲ್ಲಿ. ಧೂಳು ಬೆರೆತ ಹಳೆಯ ಮಂಜು ಕಲ್ಲಿಗಿಂತ ಗಟ್ಟಿ, ಮೊನೆ ಸವೆಯುತ್ತಿತ್ತು. ಪ್ರತಿ ನೂರು ಮೀಟರಿಗೊಮ್ಮೆ ಅವಳು ಯಂತ್ರ ನಿಲ್ಲಿಸಿ ಬಿಸಿ ಅಳೆದು ಊಟದ ಮನೆಯ ಗೋಡೆಯ ಮಂಜಿನ ಮೇಲೆ ಬೆರಳಿನಿಂದ ಅಂಕಿ ಬರೆಯುತ್ತಿದ್ದಳು. ಮೈನಸ್ ನೂರಾ ಹದಿನಾರು. ಮೈನಸ್ ತೊಂಬತ್ತೊಂದು. ಮೈನಸ್ ಎಪ್ಪತ್ತು. ಜನ ಬೆಳಿಗ್ಗೆ ಎದ್ದ ಕೂಡಲೇ ಆ ಗೋಡೆ ನೋಡುತ್ತಿದ್ದರು.

ಮೂವತ್ತೆಂಟನೇ ದಿನ ಒಬ್ಬ ಮುದುಕ ನಿದ್ದೆಯಲ್ಲೇ ಹೋದ. ಅವನು ಮೊದಲ ತಂಡದಲ್ಲಿ ಬಂದಿದ್ದ ಬೆಸುಗೆಗಾರ. ಐವತ್ತನೇ ದಿನ ಬೆಳೆಕೋಣೆಯ ಹೆಂಗಸೊಬ್ಬಳು ನ್ಯುಮೋನಿಯಾದಿಂದ ಸತ್ತಳು. ಮೌನೇಶನಿಗೂ ಅದೇ ಹಿಡಿದಿತ್ತು. ಅವನು ಕೆಮ್ಮನ್ನು ಕಂಬಳಿಗೆ ಒತ್ತಿ ಮುಚ್ಚಿಡುತ್ತಿದ್ದ. ಒಂದು ಮಧ್ಯಾಹ್ನ ಪಾಳಿ ಮುಗಿಸಿ ಬಂದ ಹುಲಿಗೆಮ್ಮ ಆ ಕಂಬಳಿಯಲ್ಲಿ ರಕ್ತ ಕಂಡಳು.

ನೆಟ್ಟಗೆ ಬಾಳಿಗಾನ ಹತ್ತಿರ ಹೋಗಿ, "ಒಂದು ಕ್ವಾಣಿಗೆ ಬಿಸಿ ಕೊಡ್ರಿ. ಎರಡು ದಿನ," ಎಂದಳು. ಅವನು ತಕ್ಷಣ ಒಪ್ಪಿದ. ಆದರೆ ಮೌನೇಶ ಒಪ್ಪಲಿಲ್ಲ.

"ಎರಡು ದಿನದ ಬಿಸಿ ಅಂದ್ರ ಎಷ್ಟು ಮೀಟರ್?"

ಅವಳು ಅವನ ಕಂಬಳಿ ಸರಿಮಾಡಿದಳು.

"ಹೇಳು."

"ಅರವತ್ತು."

"ಆ ಅರವತ್ತರ ಕೆಳಗ ನೀರು ಇದ್ರ?" ಅವನಿಗೆ ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರು ಬೇಕಾಗಿತ್ತು. "ಹುಲಿಗಿ, ನಮ್ಮನ್ನ ಮಲಗಿಸಿ ಬಿಡ್ರಿ ಅಂತ ಮಂಡಳಿಯವರು ಅಂದಾಗ ನೀನು ಒಲ್ಲೆ ಅಂದಿ. ನಾನೂ ಈಗ ಒಲ್ಲೆ ಅಂತೀನಿ. ಹೋಗು, ಪಾಳಿ ನೋಡು."

"ನೀನು ಸತ್ರ ನಾನು ನೀರು ತಗೊಂಡು ಏನ್ ಮಾಡ್ಲಿ?"

"ಜಳಕ ಮಾಡು. ಹನ್ನೊಂದು ವರ್ಷ ಆತು, ಒದ್ದಿ ಬಟ್ಟಿಯಿಂದ ಮೈ ಒರಸ್ಕೊಂಡೇ ಬದುಕೀವಿ."

ಅವಳಿಗೆ ನಗು ಬಂತು. ನಗುತ್ತಲೇ ಅವನ ಹಣೆಗೆ ಹಣೆ ಹಚ್ಚಿ ಕೂತಳು. ಅರವತ್ತೊಂದನೇ ದಿನ ಬೆಳಿಗ್ಗೆ ಅವನು ಹೋದ. ಅವಳು ಅವನ ಕಣ್ಣು ಮುಚ್ಚಿ, ಮುಖ ಒರೆಸಿ, ಆಗಲೇ ಸತ್ತಿದ್ದ ಇಬ್ಬರನ್ನು ಇಟ್ಟಿದ್ದ ತಣ್ಣನೆಯ ಕೋಣೆಯಲ್ಲಿ ಮಲಗಿಸಿ ಬಂದಳು. ಅವತ್ತು ಅವಳ ಬದಲು ತಾನು ಕೂರುತ್ತೇನೆಂದು ಮೆಹರ್ ಹೇಳಿದಳು. ಹುಲಿಗೆಮ್ಮ ಸೊಂಟದ ಪಟ್ಟಿ ಬಿಗಿದುಕೊಂಡಳು. ಅವಳ ಕೈ ಎಂದಿನಂತೆ ಹಿಡಿಕೆಯ ಮೇಲಿತ್ತು. ಮುಖದ ಮೇಲಿನ ನೀರು ಕೆನ್ನೆಯಲ್ಲೇ ಗಟ್ಟಿಯಾಗುತ್ತಿತ್ತು, ಅದನ್ನು ಆಗಾಗ ಉಗುರಿನಿಂದ ಕಿತ್ತು ಹಾಕುತ್ತಿದ್ದಳು.

ಅರವತ್ತೊಂಬತ್ತನೇ ದಿನ, ಐದು ಸಾವಿರದ ಎಂಟುನೂರು ಮೀಟರ್ ದಾಟಿದ ಮೇಲೆ, ಮೊನೆ ತಂದು ಹಾಕುವ ಪುಡಿಯ ಬಣ್ಣ ಬದಲಾಯಿತು. ಅಲ್ಲಿಯವರೆಗೆ ಒಣ ಪುಡಿ ಬರುತ್ತಿತ್ತು. ಈಗ ಬಂದದ್ದು ಅಂಟಂಟು ಕರಿ ಕೆಸರು. ಹುಲಿಗೆಮ್ಮ ಯಂತ್ರದ ವೇಗ ಅರ್ಧಕ್ಕೆ ಇಳಿಸಿ, "ಮೂರೂ ಬಾಗಿಲು ನೋಡ್ಕೊಳ್ರಿ," ಎಂದು ಕೂಗಿದಳು. ಬಾವಿಯ ಬಾಯಿಗೆ ಮೂರು ಕವಾಟ ಹಾಕಿದ್ದರು. ಕೆಳಗಿನ ನೀರು ಒತ್ತಡದಲ್ಲಿರುತ್ತದೆ, ಅದರಲ್ಲಿ ಅನಿಲ ಕರಗಿರುತ್ತದೆ. ಹೊರಗೆ ಗಾಳಿಯೇ ಇಲ್ಲ. ಬಿರಡೆ ತೆಗೆದ ಸೋಡಾ ಬಾಟಲಿಯಂತೆ ಅದು ಉಕ್ಕುತ್ತದೆಂದು ಮೆಹರ್ ಮೊದಲೇ ಎಚ್ಚರಿಸಿದ್ದಳು.

ನಲವತ್ತೆರಡು ಮೀಟರ್ ಆದ ಮೇಲೆ ಹಿಡಿಕೆ ಸಡಿಲವಾಯಿತು. ಮೊನೆಗೆ ತಾಗಲು ಏನೂ ಇರಲಿಲ್ಲ. ಹುಲಿಗೆಮ್ಮನಿಗೆ ಅದು ಅಂಗೈಯಲ್ಲೇ ತಿಳಿಯಿತು. ಎರಡು ನಿಮಿಷ ಏನೂ ಆಗಲಿಲ್ಲ. ಆಮೇಲೆ ಕೊಳವೆ ಗುಂಯ್‌ಗುಡತೊಡಗಿತು, ಗುಡಿಸಲಿನ ನೆಲ ನಡುಗಿತು, ನಾಲ್ಕು ಉಕ್ಕಿನ ಹಗ್ಗಗಳೂ ತಂತಿಯಂತೆ ಬಿಗಿದು ನಾದ ಹೊರಡಿಸಿದವು. ಮೊದಲ ಕವಾಟ ಕಿತ್ತುಹೋಯಿತು. ಎರಡನೆಯದು ತಡೆಯಿತು. ಹುಲಿಗೆಮ್ಮ ಹೆಚ್ಚಿನ ಒತ್ತಡವನ್ನು ಪಕ್ಕದ ನಳಿಗೆಯಿಂದ ಆಕಾಶಕ್ಕೆ ಬಿಟ್ಟಳು. ಹಬೆ ಹೊರಗೆ ಹೋದ ಕ್ಷಣವೇ ಹೆಪ್ಪುಗಟ್ಟಿ, ಕಿಲೋಮೀಟರುಗಟ್ಟಲೆ ಎತ್ತರಕ್ಕೆ ಹರಡಿ, ಆ ಪುಟ್ಟ ಸೂರ್ಯನ ಬೆಳಕಿನಲ್ಲಿ ಹೊಳೆಯಿತು. ಸೂರ್ಯನಿಂದ ಅಷ್ಟು ದೂರದಲ್ಲಿ ಧೂಮಕೇತುಗಳಿಗೆ ಸಾಮಾನ್ಯವಾಗಿ ಬಾಲ ಇರುವುದಿಲ್ಲ. ಅವತ್ತು ಕರಿಗುಡ್ಡಕ್ಕೆ ಬಂತು. ಚಂದ್ರನ ಮೇಲಿನ ದೂರದರ್ಶಕಗಳು ಅದನ್ನು ಕಂಡದ್ದು ಬಾಳಿಗಾನ ಸಂದೇಶಕ್ಕಿಂತ ಕೆಲವು ನಿಮಿಷ ಮೊದಲು.

ಒಳಗಿನ ತೊಟ್ಟಿಗೆ ನೀರು ಬಂತು. ಕಂದು ಬಣ್ಣ, ಗಂಧಕದ ವಾಸನೆ, ಉಪ್ಪು. ಮೆಹರ್ ಉಷ್ಣಮಾಪಕ ಅದ್ದಿ ಓದಿದಳು: "ಹತ್ತೊಂಬತ್ತು!" ಮೈನಸ್ ಎಂಬ ಮಾತು ಅವಳ ಬಾಯಿಂದ ಬರದಿದ್ದದ್ದನ್ನು ಎಲ್ಲರೂ ಗಮನಿಸಿದರು. ಹತ್ತೊಂಬತ್ತು ಡಿಗ್ರಿ, ಸೊನ್ನೆಯ ಮೇಲೆ. ಹುಲಿಗೆಮ್ಮ ಕೈಗವಸು ಕಳಚಿ, ಮೊಣಕೈವರೆಗೆ ತೋಳನ್ನು ನೀರೊಳಗೆ ಇಳಿಸಿ ನಿಂತಳು.

ಆ ನೀರು ಗೋಡೆಗಳ ಕೊಳವೆಗಳಲ್ಲಿ ಹರಿಯಿತು. ಬೆಳ್ಳಗೆ ಬೆಳೆದಿದ್ದ ಮಂಜು ಕರಗಿ, ಬೆರಳಿನಲ್ಲಿ ಬರೆದ ಅಂಕಿಗಳೆಲ್ಲ ಹನಿಯಾಗಿ ಇಳಿದವು. ಬಾಳಿಗಾ ಮಾಡಿದ ಇನ್ನೊಂದು ಕೆಲಸ ಅದಕ್ಕಿಂತ ದೊಡ್ಡದು. ಹತ್ತೊಂಬತ್ತು ಡಿಗ್ರಿಯ ನೀರಿನಿಂದ ಭೂಮಿಯಲ್ಲಿ ಏನೂ ನಡೆಯುವುದಿಲ್ಲ. ಆದರೆ ಇಲ್ಲಿ ಹೊರಗೆ ಇನ್ನೂರು ಡಿಗ್ರಿ ಚಳಿ. ಯಂತ್ರ ತಿರುಗುವುದು ಬಿಸಿಯಿಂದಲ್ಲ, ಬಿಸಿಗೂ ಚಳಿಗೂ ಇರುವ ಅಂತರದಿಂದ ಎಂದು ಅವನು ಎಲ್ಲರಿಗೂ ವಿವರಿಸಿದ. ಸತ್ತ ಒಲೆಯ ಚಕ್ರಗಳನ್ನೇ ಬಿಚ್ಚಿ, ಈ ನೀರಿನಿಂದ ತಿರುಗಿಸಿ, ಒಂದು ತಿಂಗಳಲ್ಲಿ ವಿದ್ಯುತ್ ತೆಗೆದ. ತೊಂದರೆಯೂ ಇತ್ತು. ನೀರಿನ ಜೊತೆ ಬರುವ ಕೆಸರಿನಲ್ಲಿ ಆ ಅಲ್ಯೂಮಿನಿಯಂ ಇತ್ತು, ಅದರ ವಿಕಿರಣವೂ ಇತ್ತು. ಮೆಹರ್ ಸೋಸುವ ತೊಟ್ಟಿಗಳನ್ನು ವಸತಿಯಿಂದ ದೂರ ಇಟ್ಟು, ಅಲ್ಲಿ ಯಾರೂ ವಾರಕ್ಕೆ ಒಂದು ಪಾಳಿಗಿಂತ ಹೆಚ್ಚು ನಿಲ್ಲದಂತೆ ಕಟ್ಟುನಿಟ್ಟು ಮಾಡಿದಳು.

ಹದಿನಾಲ್ಕನೇ ತಿಂಗಳು ಹಡಗು ಬಂತು. ಅದರಲ್ಲಿ ಮಂಡಳಿಯ ವಿಚಾರಣಾಧಿಕಾರಿಯೊಬ್ಬರಿದ್ದರು. ಸಭ್ಯ ಮನುಷ್ಯ. ಹುಲಿಗೆಮ್ಮನನ್ನು ಎದುರು ಕೂರಿಸಿಕೊಂಡು ಮೊದಲು ಮೌನೇಶನ ಬಗ್ಗೆ ಸಂತಾಪ ಹೇಳಿದರು. ಆಮೇಲೆ ಒಂದು ಹೇಳಿಕೆ ಓದಿದರು. ಆದೇಶ ಮೀರಿ ಕೊರೆಯಲಾಯಿತು, ಅದೃಷ್ಟವಶಾತ್ ನೀರು ಸಿಕ್ಕಿತು, ಮೂವರು ಮೃತಪಟ್ಟರು, ಇಂಥ ಕ್ರಮ ಮುಂದೆ ಯಾರಿಗೂ ಮಾದರಿಯಾಗಬಾರದು. ಸಹಿ ಮಾಡಿದರೆ ಶಿಕ್ಷೆ ಇಲ್ಲ.

"ಅದೃಷ್ಟ ಅನ್ನೋದನ್ನ ಹೊಡದು ಹಾಕ್ರಿ," ಎಂದಳು ಹುಲಿಗೆಮ್ಮ. 

"ಅದೊಂದು ಪದ ಅಷ್ಟೆ."

"ಏಳು ದಿನ ಯಂತ್ರ ನಿಲ್ಲಿಸಿ ಅಳದದ್ದು ಅದೃಷ್ಟ ಅಲ್ರಿ. ಮೆಹರ್ ನಳಿಗಿ ಇಳಿಸಿ ಎಣಿಸಿದ್ದು ಅದೃಷ್ಟ ಅಲ್ಲ. ಪಟ್ಟ್ಯಾಗ ಹೆಸರಿದ್ದವರು ಕೈ ಎತ್ತಿದ್ದಂತೂ ಅಲ್ಲವೇ ಅಲ್ಲ. ಗೊತ್ತಿದ್ದು ಮಾಡೀವಿ."

"ಮೂರು ಸಾವುಗಳ ಹೊಣೆ?"

"ನಂದು." ಅವಳು ತಡವರಿಸಲಿಲ್ಲ. "ಒಬ್ಬ ನನ್ನ ಗಂಡ. ಬರಕೊಳ್ರಿ. ಅದರ ಕೆಳಗ, ಈ ಆದೇಶ ನಡದಿದ್ರ ತೊಂಬತ್ತೊಂದು ಜನ ಸಾಯತಿದ್ರು ಅಂತಾನೂ ಬರೀರಿ. ಆ ಹೊಣೆ ಯಾರದು ಅಂತ ನೀವು ಸಹಿ ಮಾಡ್ರಿ, ನಾನೂ ಮಾಡ್ತೀನಿ."

ಅಧಿಕಾರಿ ಕಾಗದವನ್ನು ಮಡಚಿ ಒಳಗಿಟ್ಟರು. ಅದಕ್ಕೆ ಯಾರ ಸಹಿಯೂ ಬೀಳಲಿಲ್ಲ.

ಎಲ್ಲರನ್ನೂ ಹಿಂದಕ್ಕೆ ಕರೆತರಬೇಕೆಂದು ಮಂಡಳಿ ಹಡಗಿಗೆ ಹೇಳಿ ಕಳಿಸಿತ್ತು. ಧೂಮಕೇತು ಇನ್ನು ದೂರ ದೂರ ಹೋಗುತ್ತದೆ, ಐದಾರು ವರ್ಷದ ಮೇಲೆ ಯಾವ ಹಡಗೂ ಮುಟ್ಟುವುದಿಲ್ಲ. ಮಕ್ಕಳಿದ್ದವರು ಬಹುಪಾಲು ಹೊರಟರು. ಆ ನರ್ಸ್ ಗಂಡ, ಮಗಳ ಜೊತೆ ಹೊರಟಾಗ ಹುಲಿಗೆಮ್ಮನನ್ನು ತಬ್ಬಿಕೊಂಡು ಬಿಡಲೊಲ್ಲದೆ ನಿಂತಳು. ಎಪ್ಪತ್ತು ಜನ ಹಡಗು ಹತ್ತಿದರು. ಐವತ್ತೆಂಟು ಜನ ಹತ್ತಲಿಲ್ಲ. ಸೂರ್ಯನ ಹಂಗಿಲ್ಲದೆ ಬೆಚ್ಚಗಿರುವ ನೆಲ ಮನುಷ್ಯರಿಗೆ ಮೊದಲ ಸಲ ಸಿಕ್ಕಿದೆ, ಅದನ್ನು ಬಿಟ್ಟು ಬರುವುದಿಲ್ಲ ಎಂದಳು ಮೆಹರ್. ಬಾಳಿಗಾ ಕಾರಣ ಹೇಳಲಿಲ್ಲ, ಚೀಲ ಕಟ್ಟಲೂ ಇಲ್ಲ. ಹುಲಿಗೆಮ್ಮನನ್ನು ಯಾರೂ ಕೇಳಲಿಲ್ಲ.

ಹಡಗು ಹೋದ ಮರುದಿನ ಬೆಳಿಗ್ಗೆ ಅವಳು ಮೂರನೇ ಬಾವಿಗೆ ಗುರುತು ಹಾಕುತ್ತಿದ್ದಳು. ಮೊದಲಿನದಕ್ಕಿಂತ ಅಗಲ, ಇನ್ನೂ ಎರಡು ಕಿಲೋಮೀಟರ್ ಆಳ. ಬಾಳಿಗಾ ರೇಡಿಯೊದಲ್ಲಿ ಕರೆದ.

"ಮಂಡಳಿಯ ಸಂದೇಶ ಉಂಟು. ಕರಿಗುಡ್ಡದ ವಸತಿಯನ್ನು ದಾಖಲೆಯಿಂದ ತೆಗೆದಿದ್ದಾರಂತೆ. ಇನ್ನು ಇಲ್ಲಿ ಯಾರೂ ವಾಸವಿಲ್ಲ ಅಂತ ಲೆಕ್ಕ. ಏನು ಬರೆಯುವುದು ಮಾರಾಯ್ತಿ?"

ಹುಲಿಗೆಮ್ಮ ಸೊಂಟದ ಪಟ್ಟಿಯನ್ನು ಒಂದು ತೂತು ಬಿಗಿ ಮಾಡಿದಳು.

"ಐವತ್ತೆಂಟು ಜನ ಅದೀವಿ ಅಂತ ಬರೀರಿ. ನೀರು ಬೆಚ್ಚಗೈತಿ ಅಂತ ಬರೀರಿ."

ಉತ್ತರ ಬರಲು ಎರಡೂವರೆ ಗಂಟೆಗಿಂತ ಹೆಚ್ಚೇ ಬೇಕಿತ್ತು. ಅವಳು ಕಾಯಲಿಲ್ಲ. ಹಿಡಿಕೆ ಒತ್ತಿದಳು, ಮೊನೆ ತಿರುಗತೊಡಗಿತು.